ಒಂದು ಪ್ರಾಪು, ನಾಲ್ಕು ಮನೆತನ

ಪ್ರಶ್ನೆ: ಸಾರ್, ನಮ್ಮಪ್ಪಂದು ಕೊಬ್ಬರಿ ವ್ಯಾಪಾರ, ಅಂಗಡಿ ಬೋರ್ಡಲ್ಲಿ, ಬಿಲ್ ಬುಕ್ಕಲ್ಲಿ ಅವರ ಹೆಸರಿಗೆ ಮುಂಚೆ ಇಂಗ್ಲಿಷಲ್ಲಿ 'ಪ್ರಾಪ್' ಅಂತ ಇರ್ತಿತ್ತು, ಕನ್ನಡದಲ್ಲಿ 'ಪ್ರೊ:' ಅಂತ. ಈಗ ನಾನು ಮನೆ ಕಟ್ಟಿಸ್ತಿದೀನಿ, ಇಂಜಿನಿಯರ್ ಬಂದಾಗೆಲ್ಲಾ 'ಇನ್ನೂ ಪ್ರಾಪ್ ತೆಗೀಬೇಡಿ' ಅಂತಾರೆ. ಮಗಳು ಕಾಲೇಜು ನಾಟಕಕ್ಕೆ ಪ್ರಾಪ್ಸ್ ಬೇಕು ಅಂತ ಅಜ್ಜಿಯ ಹಿತ್ತಾಳೆ ಚೊಂಬು ಎತ್ಕೊಂಡು ಹೋದ್ಳು, ಇನ್ನೂ ವಾಪಸ್ ಬಂದಿಲ್ಲ (ಚೊಂಬು). ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ಫೋನಲ್ಲಿ ಯಾರಿಗೋ 'ಪ್ರಾಪ್ಸ್ ಪಾಸ್ ಮಾಡಿಲ್ಲ ನೀನು' ಅಂತ ರೇಗ್ತಿರ್ತಾನೆ. ಇವೆಲ್ಲಾ ಒಂದೇ ಪದಾನಾ? ಮೂಲ ಅರ್ಥ ಆಸರೆ ಅಂತಾನೇ ತಾನೇ?
— ಓದುಗರು, ತಿಪಟೂರು

ಉತ್ತರ: ಚೊಂಬಿನ ಆಸೆ ಬಿಟ್ಬಿಡಿ ಸಾರ್, ನಾಟಕಕ್ಕೆ ಅಂತ ಹೋದ ಸಾಮಾನು ಮನೆಗೆ ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ. ಪದದ ವಿಷಯಕ್ಕೆ ಬಂದ್ರೆ, ನೀವು ಹೇಳಿದ ನಾಲ್ಕರಲ್ಲಿ ಆಸರೆ ಅನ್ನೋ ಅರ್ಥ ಇರೋದು ಒಂದಕ್ಕೇ, ನೀವು ಕಟ್ಟಿಸ್ತಿರೋ ಮನೆಯ ಸ್ಲ್ಯಾಬ್ ಕೆಳಗೆ ನಿಂತಿರೋದಕ್ಕೆ. ಮಿಕ್ಕ ಮೂರಕ್ಕೂ ಅದಕ್ಕೂ ರಕ್ತಸಂಬಂಧ ಇಲ್ಲ. ಆದ್ರೆ ತಮಾಷೆ ಏನಪ್ಪಾ ಅಂದ್ರೆ, ಅಪ್ಪನ ಬೋರ್ಡಿಂದು, ಮಗಳ ನಾಟಕದ್ದು, ಮಗನ ಕಂಪ್ಯೂಟರಿಂದು, ಆ ಮೂರೂ ಒಂದೇ ಮನೆಯವು!

ಮೊದಲು ಸ್ಲ್ಯಾಬ್ ಕೆಳಗಿನ ಪ್ರಾಪ್. ಇದು ಇಂಗ್ಲಿಷಿಗೆ ಬಂದಿದ್ದು 15ನೇ ಶತಮಾನದ ನಡುವೆ, ಅಂದ್ರೆ ನಮ್ಮಲ್ಲಿ ಕುಮಾರವ್ಯಾಸನ ಕಾಲದ ಆಸುಪಾಸು, ಡಚ್ಚರ ಕಡೆಯಿಂದ ಬಂತು ಅಂತ ನಿಘಂಟಿನವರ ಅಂದಾಜು. ಆ ಕಾಲದ ಡಚ್ ಭಾಷೇಲಿ 'ಪ್ರೊಪ್ಪೆ' ಅಂದ್ರೆ ದ್ರಾಕ್ಷಿ ಬಳ್ಳಿಗೆ ಕೊಡೋ ಗೂಟ. ಇಂಗ್ಲೆಂಡಿನ ಉಣ್ಣೆ ಸಮುದ್ರ ದಾಟಿ ಆ ಕಡೆ ಹೋಗ್ತಿತ್ತು, ಅವರ ಹಡಗು ಈ ಕಡೆ ಬರ್ತಿತ್ತು, ಹಂಗೆ ಸಾಮಾನಿನ ಜೊತೆ ಪದಗಳೂ ಇಳಿದ್ವು, ಸ್ಕಿಪ್ಪರ್, ಡೆಕ್ ಇವೆಲ್ಲಾ ಆ ಕಡೆಯವೇ. ಪ್ರೊಪ್ಪೆಗೆ ಅವರಲ್ಲಿ ಇನ್ನೊಂದು ಅರ್ಥ ಇತ್ತು, ಸೀಸೆ ಬಾಯಿಗೆ ಹಾಕೋ ಬಿರಡೆ. ಗೂಟಕ್ಕೂ ಬಿರಡೆಗೂ ಏನು ಸಂಬಂಧ ಅಂದ್ರೆ, ನನಗೆ ಅನ್ಸೋದು, ಎರಡನ್ನೂ ಬಿಗಿಯಾಗಿ ತುರುಕಿ ನಿಲ್ಲಿಸ್ಬೇಕು ಅಷ್ಟೇ. ಇಂಗ್ಲಿಷಿನವರು ಗೂಟ ಇಟ್ಕೊಂಡು ಬಿರಡೆ ಬಿಟ್ರು, ಡಚ್ಚರು ಉಲ್ಟಾ, ಅವರಲ್ಲಿ ಇವತ್ತು ಪ್ರೊಪ್ ಅಂದ್ರೆ ಬಿರಡೆ, ಅಥವಾ ಮುದುರಿದ ಕಾಗದದ ಉಂಡೆ. ಕನ್ನಡದ ಬಿರಡೆನೂ ಕಮ್ಮಿ ಇಲ್ಲ ಬಿಡಿ, ಸೀಸೆಗೂ ಬಿರಡೆ, ವೀಣೆಯ ತಂತಿ ಬಿಗಿ ಮಾಡೋದಕ್ಕೂ ಬಿರಡೆ.

ದ್ರಾಕ್ಷಿ ಗೂಟ ನಾವು ನೋಡಿಲ್ಲ ಅಂತೀರಾ? ನಿಮ್ಮ ತೋಟದ ಬಾಳೆ ನೋಡಿ. ಗೊನೆ ಬಲಿತಾ ಬಂದ ಹಾಗೆ ಗಿಡ ಒಂದು ಕಡೆ ವಾಲುತ್ತೆ, ಚೈತ್ರ ವೈಶಾಖದ ಗಾಳಿಮಳೆಗೆ ಮುಂಚೆ ಎರಡು ಬಿದಿರು ಗಳ ತಂದು ತುದಿ ಹತ್ರ ಹಗ್ಗದಲ್ಲಿ ಕಟ್ಟಿ ಕತ್ತರಿ ಥರ ಮಾಡಿ ಗೊನೆಯ ಕುತ್ತಿಗೆ ಕೆಳಗೆ ಕೊಡ್ತೀವಲ್ಲ, ಬುಡ ಜಾರದ ಹಾಗೆ ಮಣ್ಣಿಗೆ ಸ್ವಲ್ಪ ಊರಿ. ಅದಕ್ಕೆ ಇಂಗ್ಲಿಷ್ ಕೃಷಿ ಪುಸ್ತಕದಲ್ಲಿ 'ಪ್ರಾಪಿಂಗ್' ಅಂತಾನೇ ಇರೋದು. ಅಂದ್ರೆ ಡಚ್ಚರ ದ್ರಾಕ್ಷಿ ಗೂಟದ ಅರ್ಥ ಆರುನೂರು ವರ್ಷ ಆದ್ಮೇಲೂ ಸವೆಯದೇ ಉಳಿದಿರೋದು ನಮ್ಮ ಬಾಳೆ ತೋಟದಲ್ಲಿ. ನಮ್ಮಲ್ಲಿ ಊರೆಗೋಲು, ಊರುಗೋಲು ಅಂತೀವಿ. ಈ 'ಊರು' ಹಳ್ಳಿ ಅಲ್ಲ, ಕಾಲೂರು, ಕೋಲೂರು ಅಂತೀವಲ್ಲ ಆ ಊರು, ಒತ್ತಿ ನಿಲ್ಲಿಸೋದು. ತುದಿ ಕವಲೊಡೆದ ಕೋಲಾದ್ರೆ ಕವೆಗೋಲು. ಪ್ರಾಪಿಗೆ ಕನ್ನಡ ಯಾವುದು ಅಂತ ಹುಡುಕೋರು 'ಆಧಾರಸ್ತಂಭ' ಅಂತೆಲ್ಲಾ ಬರೆಯೋದು ನೋಡಿದ್ರೆ ನಗು ಬರುತ್ತೆ. ಪ್ರಾಪ್ ಅಂದ್ರೆ ಕಂಬ ಅಲ್ಲ ಸ್ವಾಮಿ, ಕಂಬ ಅಲ್ಲೇ ಇರುತ್ತೆ, ಪ್ರಾಪ್ ಕೆಲಸ ಮುಗಿದ ಮೇಲೆ ಎದ್ದು ಹೋಗುತ್ತೆ.

ಎದ್ದು ಹೋಗೋದು ಅಂದ್ಕೂಡ್ಲೇ ನಿಮ್ಮ ಇಂಜಿನಿಯರ್ ನೆನಪಾದ್ರು. ಅವರ ಮಾತು ಕೇಳಿ. ಸೈಟಲ್ಲಿ ಇಂಜಿನಿಯರ್ ಬಿಟ್ರೆ ಇದಕ್ಕೆ ಯಾರೂ ಪ್ರಾಪ್ ಅನ್ನಲ್ಲ, ಕಬ್ಬಿಣದ್ದಾದ್ರೆ ಜಾಕಿ, ಮರದ್ದಾದ್ರೆ ನೀಲಗಿರಿ ಪೋಲು ಅಥವಾ ಸರ್ವೆ ಕಂಬ, ಒಟ್ಟು ಕೆಲಸಕ್ಕೆ ಸೆಂಟ್ರಿಂಗು. ಬಾಡಿಗೆ ಲೆಕ್ಕ ಇರೋದ್ರಿಂದ ಸೆಂಟ್ರಿಂಗಿನವರಿಗೆ ಯಾವಾಗ ಬಿಚ್ಕೊಂಡು ಹೋಗೋಣ ಅಂತ ಅವಸರ. ಆದ್ರೆ ಐಎಸ್ 456 ಅನ್ನೋ ಕಾಂಕ್ರೀಟ್ ನಿಯಮದ ಪುಸ್ತಕದಲ್ಲಿ ಲೆಕ್ಕ ಇದೆ: ಸಾಧಾರಣ ಸಿಮೆಂಟಲ್ಲಿ ಹಾಕಿದ ಸ್ಲ್ಯಾಬಿನ ಸ್ಪ್ಯಾನ್, ಅಂದ್ರೆ ಒಂದು ಆಸರೆಯಿಂದ ಇನ್ನೊಂದಕ್ಕಿರೋ ದೂರ, ನಾಲ್ಕೂವರೆ ಮೀಟರ್ ಒಳಗಿದ್ರೆ ಕಡೇಪಕ್ಷ 7 ದಿನ, ಅದಕ್ಕಿಂತ ಜಾಸ್ತಿ ಇದ್ರೆ 14 ದಿನ, ಬೀಮು 6 ಮೀಟರ್ ದಾಟಿದ್ರೆ 21 ದಿನ ಪ್ರಾಪ್ ತೆಗೆಯೋ ಹಾಗಿಲ್ಲ, ಚಳಿ ಜಾಸ್ತಿ ಇದ್ರೆ ಇನ್ನೂ ಮುಂದಕ್ಕೆ. ತೆಗೆಯೋದಕ್ಕೂ ಕ್ರಮ ಇದೆ, ಎರಡೂ ಕಡೆ ಗೋಡೆ ಮೇಲೆ ಕೂತಿರೋ ಸ್ಲ್ಯಾಬಾದ್ರೆ ನಡುಮಧ್ಯದಿಂದ ಶುರು ಮಾಡಿ ಗೋಡೆ ಕಡೆಗೆ, ಬಾಲ್ಕನಿ ಥರ ಹೊರಗೆ ಚಾಚಿರೋದಾದ್ರೆ ತುದಿಯಿಂದ ಒಳಕ್ಕೆ. ಇದು ಭಾಷೆಯ ಅಂಕಣ, ಆದ್ರೂ ಹೇಳ್ಬಿಟ್ಟೆ, ನಮ್ಮನೆ ಬಾಲ್ಕನೀಲಿ ಒಬ್ಬ ಉಲ್ಟಾ ತೆಗ್ದು ಬಿರುಕು ಬಂದು ಇವತ್ತಿಗೂ ಮಳೆಗಾಲಕ್ಕೆ ಸೋರುತ್ತೆ.

ಇನ್ನು ಮಿಕ್ಕ ಮೂರು. ಲ್ಯಾಟಿನ್ನಲ್ಲಿ 'ಪ್ರೋಪ್ರಿಯಸ್' ಅಂತ ಪದ, ಅರ್ಥ ತನ್ನದು, ಸ್ವಂತದ್ದು. ಅದರಿಂದ ಪ್ರಾಪರ್ಟಿ, ಪ್ರಾಪರ್, ಪ್ರೊಪ್ರೈಟರ್. ಬೋರ್ಡಲ್ಲಿದ್ದ ಪ್ರಾಪ್ ಈ ಪ್ರೊಪ್ರೈಟರ್, ಮಾಲೀಕ. ನಾಟಕದ್ದು ಪ್ರಾಪರ್ಟಿ, ಅದರ ಕಥೆ ಕೆಳಗೆ ಇನ್ನೊಬ್ಬರಿಗೆ ಹೇಳಿದೀನಿ. ನಿಮ್ಮ ಮಗಂದು 2013ರಲ್ಲಿ ಎಲ್ಲರಿಗೂ ಸಿಕ್ಕಿದ ರಿಯಾಕ್ಟ್ ಅನ್ನೋ ಸಾಫ್ಟ್‌ವೇರ್ ಸಾಮಗ್ರಿಯ ಮಾತು ಇರ್ಬೇಕು, ಅಲ್ಲೂ ಪ್ರಾಪ್ಸ್ ಅಂದ್ರೆ ಪ್ರಾಪರ್ಟೀಸ್. ಅಲ್ಲಿ ಪರದೆ ಮೇಲಿನ ಒಂದೊಂದು ತುಂಡಿಗೂ ಒಂದು ತಾಯಿತುಂಡು ಇರುತ್ತೆ, ತಾಯಿ ಮಗುವಿಗೆ ಕೊಡೋ ವಿವರಗಳೇ ಪ್ರಾಪ್ಸ್, ಮಗು ಅದನ್ನ ಓದಬಹುದೇ ಹೊರತು ತಿದ್ದೋ ಹಾಗಿಲ್ಲ. ಪಿತ್ರಾರ್ಜಿತ ಆಸ್ತಿ ಅನುಭವಿಸು, ಮಾರಬೇಡ ಅಂದ ಹಾಗೆ!

ಪ್ರಶ್ನೆ: ಆಫೀಸಲ್ಲಿ ಒಂದು ಬೀಳ್ಕೊಡುಗೆ ಭಾಷಣದಲ್ಲಿ ನಮ್ಮ ಮ್ಯಾನೇಜರನ್ನ ಹೊಗಳೋಣ ಅಂತ 'ನಾವೆಲ್ಲಾ ಸೇರಿ ಅವರನ್ನ ಪ್ರಾಪ್ ಅಪ್ ಮಾಡ್ತಿದ್ವಿ' ಅಂತ ಇಂಗ್ಲಿಷಲ್ಲಿ ಹೇಳಿದೆ. ಅರ್ಧ ಜನ ನಕ್ರು, ಅವರು ಮಾತ್ರ ನಗಲಿಲ್ಲ. ಸಪೋರ್ಟ್ ಅಂತಾನೇ ಅಲ್ವಾ ಅದರ ಅರ್ಥ?
— ಓದುಗರು, ದಾವಣಗೆರೆ

ಉತ್ತರ: ಅಯ್ಯೋ. ಸಪೋರ್ಟ್ ಅಂತಾನೇ, ಆದ್ರೆ ಎಂಥ ಸಪೋರ್ಟ್ ಅನ್ನೋದು ಮುಖ್ಯ. ಸಪೋರ್ಟ್ ಅನ್ನೋದು ಲ್ಯಾಟಿನ್ ಮೂಲದ್ದು, ಕೆಳಗಿನಿಂದ ಹೊರೋದು ಅಂತ, ಗಟ್ಟಿ ಇರೋರಿಗೂ ಸಪೋರ್ಟ್ ಮಾಡಬಹುದು. ಪ್ರಾಪ್ ಅಪ್ ಮಾಡೋದು ಮಾತ್ರ ಬೀಳ್ತಾ ಇರೋದಕ್ಕೆ, ಕೋಲು ತೆಗೆದ್ರೆ ಅದು ಮಲಗ್ತು ಅಂತ ಒಳಗೊಳಗೇ ಹೇಳ್ದಂಗೆ. ನೀವು ಅವರ ಎದುರಿಗೇ ನಿಂತು 'ನಾವಿಲ್ದಿದ್ರೆ ಈ ವಯ್ಯ ಯಾವತ್ತೋ ಬಿದ್ಹೋಗ್ತಿದ್ದ' ಅಂದಂಗಾಯ್ತು.

ಇಂಗ್ಲಿಷ್ ಪೇಪರ್ ಓದೋವಾಗ ಗಮನಿಸಿ, ಮುಳುಗ್ತಿರೋ ಬ್ಯಾಂಕು, ಇಳೀತಿರೋ ರೂಪಾಯಿ, ಬಹುಮತ ಇಲ್ಲದ ಸರ್ಕಾರ, ಇವಕ್ಕೇ ಈ ಪದ. 1996ರ ಜೂನಲ್ಲಿ ದೇವೇಗೌಡರು ಪ್ರಧಾನಿ ಆದಾಗ ಅವರ ಮೈತ್ರಿಕೂಟ ಸಂಯುಕ್ತ ರಂಗಕ್ಕೆ ಸ್ವಂತ ಬಹುಮತ ಇರಲಿಲ್ಲ, ಕಾಂಗ್ರೆಸ್ಸು ಸರ್ಕಾರದ ಒಳಗೆ ಬರದೇ ಹೊರಗಿನಿಂದ ಬೆಂಬಲ ಕೊಡ್ತು, ಆ ಬೆಂಬಲ ವಾಪಸ್ ತಗೊಂಡ್ಮೇಲೆ 1997ರ ಏಪ್ರಿಲಲ್ಲಿ ಸರ್ಕಾರ ಬಿತ್ತು. ಹನ್ನೊಂದು ತಿಂಗಳು ತುಂಬಲಿಲ್ಲ. ಇಂಗ್ಲಿಷಲ್ಲಿ ಇದನ್ನ ಪ್ರಾಪ್ ಅಪ್ ಅಂದ್ರೆ ಸರಿಯಾಗಿ ಕೂರುತ್ತೆ, ಜಾಕಿ ಯಾವಾಗಲೂ ಮನೆಯ ಭಾಗ ಅಲ್ಲ, ಹೊರಗಿಂದು.

ಇನ್ನೊಂದು ಬಳಕೆ ಇದೆ, ಬ್ರಿಟನ್ನಿನಲ್ಲಿ ಸಾಯಂಕಾಲ ಪೂರ್ತಿ ಬಾರ್ ಕೌಂಟರಿಗೆ ಒರಗಿ ನಿಂತಿರೋನಿಗೆ 'ಬಾರನ್ನ ಪ್ರಾಪ್ ಅಪ್ ಮಾಡ್ತಿದಾನೆ' ಅಂತಾರೆ, ಯಾರು ಯಾರನ್ನ ಹಿಡ್ಕೊಂಡಿದಾರೆ ಅನ್ನೋದೇ ಜೋಕು. ಸೈಕಲ್ ಗೋಡೆಗೆ ಒರಗಿಸಿದ್ರೂ ಪ್ರಾಪ್, ಬಾಗಿಲು ಮುಚ್ಚದ ಹಾಗೆ ಇಟ್ಟಿಗೆ ಇಟ್ರೂ ಪ್ರಾಪ್. ಆಸರೆ ಕೊಡೋದು, ಒರಗಿಸೋದು ನಮಗೆ ಎರಡು ಬೇರೆ ಕ್ರಿಯೆ, ಅವರಿಗೆ ಒಂದೇ. ಇಲ್ಲಿ ಕನ್ನಡವೇ ವಾಸಿ ಅಂತ ನನ್ನ ಅಭಿಪ್ರಾಯ. ಮ್ಯಾನೇಜರಿಗೆ ಒಂದು ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಿರ್ದೇಶಕರು, ಪಾತ್ರಧಾರಿಗೆ ಆಸರೆ ಆಗಿ ಇರೋದ್ರಿಂದ ಕತ್ತಿ, ಕೋಲು, ಪತ್ರ ಇವಕ್ಕೆ ಪ್ರಾಪ್ಸ್ ಅಂತ ಹೆಸರು ಬಂತು ಅಂತಾರೆ. ನಂಬ್ಕೋಬಹುದಾ?
— ಓದುಗರು, ಸಾಗರ

ಉತ್ತರ: ಕೇಳೋಕೆ ಚೆನ್ನಾಗಿದೆ, ಆದ್ರೆ ನಿಜ ಅಲ್ಲ. ನಾಟಕದ ಸಾಮಾನಿಗೆ ಪೂರ್ತಿ ಹೆಸರು ಪ್ರಾಪರ್ಟಿ, ತಂಡದ ಆಸ್ತಿ ಅನ್ನೋ ಅರ್ಥದಲ್ಲಿ. ಇಂಗ್ಲಿಷಿನ ಹಳೇ ನಾಟಕಗಳ ಹಸ್ತಪ್ರತೀಲಿ 15ನೇ ಶತಮಾನಕ್ಕೇ ಈ ಬಳಕೆ ಸಿಗುತ್ತೆ. ಶೇಕ್ಸ್‌ಪಿಯರನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದ ಮೊದಲ ಅಂಕದಲ್ಲಿ ಪೀಟರ್ ಕ್ವಿನ್ಸ್ ಅನ್ನೋ ಬಡಗಿ ಊರಿನ ಕಸುಬುದಾರರನ್ನ ಸೇರಿಸ್ಕೊಂಡು ನಾಟಕ ಆಡಿಸೋಕೆ ಹೊರಡ್ತಾನೆ, ಅವನು ನಾಟಕಕ್ಕೆ ಬೇಕಾದ ಪ್ರಾಪರ್ಟಿಗಳ ಪಟ್ಟಿ ಬರೀತೀನಿ ಅಂತಾನೆ. ನೋಡಿ, ನಾನೂರು ವರ್ಷದ ಹಿಂದೆನೂ ಹವ್ಯಾಸಿ ತಂಡದ ತಲೆನೋವು ಇದೇ. ಪ್ರಾಪರ್ಟಿ ಹೋಗಿ ಪ್ರಾಪ್ ಅಂತ ಕತ್ತರಿಸಿದ್ದು ಬಹಳ ಆಮೇಲೆ, 19ನೇ ಶತಮಾನದಲ್ಲಿ.

ನಮ್ಮ ನಾಟಕದವರು ಇವತ್ತಿಗೂ 'ಪ್ರಾಪರ್ಟಿ ಯಾರು ನೋಡ್ಕೋತಾರೆ' ಅಂತ ಪೂರ್ತಿ ಪದವನ್ನೇ ಅಂತಾರೆ ನೋಡಿ, ನಿಮ್ಮ ನಿರ್ದೇಶಕರಿಗೆ ಸಾಕ್ಷಿ ಅವರ ತಂಡದಲ್ಲೇ ಇದೆ. ಬರವಣಿಗೇಲಿ ಕನ್ನಡಕ್ಕೆ 'ರಂಗಪರಿಕರ' ಅಂತ ಒಳ್ಳೇ ಪದ ಇದೆ, ಅದರಲ್ಲಿ ಆಸ್ತಿನೂ ಇಲ್ಲ ಆಸರೆನೂ ಇಲ್ಲ, ಬೇಕಾದ ಸಾಮಾನು ಅಷ್ಟೇ. ಆದ್ರೆ ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ತಂದು ನಿಲ್ಲಿಸ್ತಿದ್ರಲ್ಲ, ಅದನ್ನ ಪರಿಕರ ಅನ್ನಬೇಕೋ ಪಾತ್ರಧಾರಿ ಅನ್ನಬೇಕೋ, ನೀವೇ ತೀರ್ಮಾನ ಮಾಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಮಗನ ಮನೇಲಿದೀನಿ. ಇಲ್ಲಿ ಮನೆ ತೆರಿಗೆ ಮಾತು ಬಂದ್ರೆ ಎಲ್ರೂ 'ಪ್ರಾಪ್ 13' ಅಂತಾರೆ, ಪ್ರಾಪರ್ಟಿ ತೆರಿಗೆ ಅಂತ ತಾನೇ? ಮೊಮ್ಮಗಳು ನಾನು ಮಾಡಿದ ಹೋಳಿಗೆ ತಿಂದು 'ಪ್ರಾಪ್ಸ್ ಟು ಅಜ್ಜಿ' ಅಂದ್ಳು. ಅದೇನು?
— ಓದುಗರು, ಫ್ರೀಮಾಂಟ್

ಉತ್ತರ: ಅಮ್ಮಾ, ಮೊದಲನೆಯದರಲ್ಲಿ ಎಲ್ರೂ ಎಡವ್ತಾರೆ. ವಿಷಯ ಪ್ರಾಪರ್ಟಿ ತೆರಿಗೆನೇ, ಆದ್ರೆ ಪ್ರಾಪ್ ಅಂದ್ರೆ ಅಲ್ಲಿ ಪ್ರಾಪೊಸಿಷನ್, ಜನರ ಮುಂದೆ ಮತಕ್ಕೆ ಇಡೋ ಪ್ರಸ್ತಾವನೆ. ಮುಂದೆ ಇಡೋದು ಅಂತ್ಲೇ ಅದರ ಲ್ಯಾಟಿನ್ ಅರ್ಥ, ಇದು ಮೂರನೇ ಮನೆತನ. 1978ರ ಜೂನಲ್ಲಿ 13ನೇ ನಂಬರಿನ ಪ್ರಸ್ತಾವನೆ ಗೆದ್ದು, ಮನೆ ತೆರಿಗೆ ಅಂದಾಜು ಬೆಲೆಯ ಶೇಕಡಾ 1ರ ಮೇಲೆ ಹೋಗಬಾರದು, ಆ ಅಂದಾಜು ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರಿಸಬಾರದು, ಮನೆ ಕೈ ಬದಲಾದಾಗ ಇಲ್ಲಾ ಹೊಸದಾಗಿ ಕಟ್ಟಿಸಿದಾಗ ಹೊಸ ಬೆಲೆ ಅಂತ ಆಯ್ತು. ಅದಕ್ಕೇ ಅಕ್ಕಪಕ್ಕದ ಒಂದೇ ಥರದ ಮನೆಯವರಲ್ಲಿ ಹಳಬರು ಕಮ್ಮಿ ಕಟ್ತಾರೆ, ನಿಮ್ಮ ಮಗನಂಥ ಹೊಸಬರು ಜಾಸ್ತಿ ಕಟ್ಟಿ ಗೊಣಗ್ತಾರೆ.

ಮೊಮ್ಮಗಳದ್ದು ಶಭಾಷ್‌ಗಿರಿ. ಪ್ರಾಪರ್ ಅನ್ನೋದರ ಚೂರು ಅದು, ಸಲ್ಲಬೇಕಾದ ಮರ್ಯಾದೆ ಅಂತ. ಅಮೆರಿಕದ ಕಪ್ಪುಜನರ ಮಾತಿನಿಂದ ಬಂದಿದ್ದು, 1967ರಲ್ಲಿ ಅರೀತಾ ಫ್ರಾಂಕ್ಲಿನ್ 'ರೆಸ್ಪೆಕ್ಟ್' ಹಾಡಿದಾಗ 'ಪ್ರಾಪರ್ಸ್' ಅಂತ ಪೂರ್ತಿಯಾಗೇ ಕೇಳಿಸುತ್ತೆ, ಆಮೇಲೆ ರ್‍ಯಾಪ್ ಹಾಡಿನವರ ಬಾಯಲ್ಲಿ ಪ್ರಾಪ್ಸ್ ಆಗಿ ಮಕ್ಕಳವರೆಗೂ ಬಂತು. ಮೇಲೆ ತಿಪಟೂರಿನವರಿಗೆ ಹೇಳಿದ ಪ್ರೋಪ್ರಿಯಸ್ ಮನೆತನವೇ ಇದೂ, ಅಂಗಡಿ ಮಾಲೀಕ, ನಾಟಕದ ಚೊಂಬು, ನಿಮ್ಮ ಹೋಳಿಗೆಗೆ ಸಿಕ್ಕ ಶಭಾಷು, ಎಲ್ಲಾ ದಾಯಾದಿಗಳು.

ಪ್ರಶ್ನೆ: ವಿಮಾನದ ಪ್ರಾಪ್? ರಗ್ಬಿ ಆಟದ ಪ್ರಾಪ್?
— ಓದುಗರು, ಮಂಗಳೂರು

ಉತ್ತರ: ನಿಮ್ಮ ಪ್ರಶ್ನೆಯಷ್ಟೇ ಚಿಕ್ಕದಾಗಿ ಹೇಳ್ತೀನಿ. ವಿಮಾನದ್ದು ಪ್ರೊಪೆಲ್ಲರ್, ಮುಂದಕ್ಕೆ ದೂಡೋದು, ನಾಲ್ಕನೇ ಮನೆತನ. ಎಟಿಆರ್ ಅನ್ನೋ ಚಿಕ್ಕ ವಿಮಾನಗಳಿಗೆ ಟರ್ಬೊಪ್ರಾಪ್ ಅಂತಾರಲ್ಲ ಅದೇ. ರಗ್ಬಿದು ಮಾತ್ರ ಅಪ್ಪಟ ಆಸರೆ. ಎಂಟೆಂಟು ಜನ ತಲೆ ತಗ್ಗಿಸಿ ಒಬ್ರನ್ನೊಬ್ರು ದಬ್ಬೋ ಸ್ಕ್ರಮ್ ಇದೆಯಲ್ಲ, ಅದರ ಮುಂದಿನ ಸಾಲಲ್ಲಿ ನಡುವೆ ನಿಂತು ಕಾಲಲ್ಲಿ ಚೆಂಡು ಎಳೆಯೋನು ಹೂಕರ್, ಅವನನ್ನ ಎರಡೂ ಕಡೆ ಹೆಗಲು ಕೊಟ್ಟು ಎತ್ತಿ ಹಿಡಿಯೋರು 1 ಮತ್ತು 3ನೇ ನಂಬರಿನ ಅಂಗಿಯವರು, ಅವರೇ ಪ್ರಾಪ್. ಅವರ ಕುತ್ತಿಗೆ ನೋಡಿದ್ರೆ ಗೊತ್ತಾಗುತ್ತೆ, ಜಾಕಿ ಬಾಡಿಗೆ ಉಳಿಸಬಹುದು.

ಪ್ರಶ್ನೆ: ಮಗನ ಜೀವಶಾಸ್ತ್ರ ಪುಸ್ತಕದಲ್ಲಿ ಆಲದ ಬಿಳಲಿಗೆ 'ಪ್ರಾಪ್ ರೂಟ್' ಅಂತ ಇದೆ. ಮೇಲಿನಿಂದ ನೇತಾಡೋದು ಆಸರೆ ಹೆಂಗಾಗುತ್ತೆ?
— ಓದುಗರು, ರಾಮನಗರ

ಉತ್ತರ: ನೇತಾಡೋವರೆಗೂ ಆಗಲ್ಲ, ನಿಮ್ಮ ಅನುಮಾನ ಸರಿ. ನೆಲ ಮುಟ್ಟಿದ ಮೇಲೆ ಕಥೆ ಬೇರೆ. ಕೊಂಬೆಯಿಂದ ಇಳಿಯೋ ಬಿಳಲು ಮೊದಲು ಹುರಿಯಷ್ಟು ಸಣ್ಣಕೆ ಇರುತ್ತೆ, ಮಕ್ಕಳು ಜೋತಾಡೋ ಹಗ್ಗ, ಮಣ್ಣು ಸಿಕ್ಕ ಮೇಲೆ ಬೇರು ಬಿಟ್ಟು ದಪ್ಪ ಆಗ್ತಾ ಆಗ್ತಾ ಕಂಬವೇ ಆಗಿಬಿಡುತ್ತೆ. ಆಲದ ಕೊಂಬೆ ಅಡ್ಡಡ್ಡ ಅಷ್ಟು ದೂರ ಹೋಗೋದು ಈ ಕಂಬಗಳ ಧೈರ್ಯದಿಂದಲೇ. ನಿಮಗೆ ಹತ್ತಿರದ್ದೇ ಉದಾಹರಣೆ, ಮೈಸೂರು ರಸ್ತೆಯಿಂದ ಒಳಗೆ ರಾಮೋಹಳ್ಳಿ ಹತ್ರದ ದೊಡ್ಡ ಆಲದ ಮರ. ನಾನೂರು ವರ್ಷದ್ದು ಅಂತಾರೆ, ಸುಮಾರು 3 ಎಕರೆ ಹರಡಿದೆ, ಮೂಲ ಬೊಡ್ಡೆ ರೋಗ ಬಂದು ಹೋಗಿಬಿಟ್ಟಿದೆ, ಈಗ ನಿಂತಿರೋದೆಲ್ಲಾ ಬಿಳಲುಗಳೇ. ಭಾನುವಾರ ಮಗನನ್ನ ಕರ್ಕೊಂಡು ಹೋಗಿ 'ಮೊದಲನೇ ಮರ ಯಾವುದು ತೋರ್ಸು' ಅಂತ ಕೇಳಿ, ಮಜಾ ಇರುತ್ತೆ. ಇಲ್ಲಿ ಇಂಗ್ಲಿಷ್ ಪದ ಸೋಲುತ್ತೆ ಅಂತ ನನಗನ್ಸುತ್ತೆ, ಪ್ರಾಪ್ ಹೊರಗಿನಿಂದ ತಂದು ಕೊಡೋದು, ತೆಗೆಯೋದು. ಇದು ಮರದ್ದೇ ಮೈ. ಕರಾವಳಿ ಕಡೆ ಹೋದ್ರೆ ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಗಿಡ ನೋಡಿ, ಕೆಸರಲ್ಲಿ ನಿಲ್ಲೋಕೆ ಬುಡದ ಸುತ್ತ ಬಿಲ್ಲಿನ ಥರ ಬಾಗಿದ ಬೇರುಗಳು, ಅವಕ್ಕೂ ಇಂಗ್ಲಿಷಲ್ಲಿ ಇದೇ ಹೆಸರು.

ಪ್ರಶ್ನೆ: ಆಸರೆ ಅಂತ ಅರ್ಥ ಇರೋ ಇಂಗ್ಲಿಷ್ ಪದಗಳಲ್ಲಿ ಇನ್ನೂ ಇಂಥ ತಮಾಷೆ ಇದ್ರೆ ಒಂದು ಹೇಳಿ. ನಾನು ಡ್ರಾಯಿಂಗ್ ಮೇಷ್ಟ್ರು.
— ಓದುಗರು, ಧಾರವಾಡ

ಉತ್ತರ: ಮೇಷ್ಟ್ರೇ, ನೀವು ದಿನಾ ಕ್ಯಾನ್ವಾಸ್ ಇಡೋದು ಕತ್ತೆ ಮೇಲೆ! ಈಸೆಲ್ ಅನ್ನೋದು ಡಚ್ ಪದ 'ಎಜೆಲ್', ಅಂದ್ರೆ ಕತ್ತೆ. ಹೊರೆ ಹೇರಿದ್ರೆ ಸುಮ್ನೆ ನಿಂತ್ಕೊಳ್ಳೋದು ಅಂತ ಆ ಹೆಸರು, ಡಚ್ ಚಿತ್ರಕಾರರ ಹೆಸರು ಜೋರಾಗಿದ್ದ 17ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಬಡಗಿ ಮರ ಕೊಯ್ಯೋಕೆ ಇಟ್ಕೊಳ್ಳೋ ನಾಲ್ಕು ಕಾಲಿನ ಸ್ಟ್ಯಾಂಡು ಇಂಗ್ಲಿಷಲ್ಲಿ 'ಸಾ-ಹಾರ್ಸ್', ಗರಗಸದ ಕುದುರೆ. ಫ್ರೆಂಚರಲ್ಲಿ 'ಶೆವಾಲೆ' ಅಂದ್ರೆ ಪುಟ್ಟ ಕುದುರೆ, ಅದು ಈಸೆಲ್ಲಿಗೂ ಹೆಸರು, ಪಿಟೀಲಿನ ತಂತಿ ಹೊತ್ಕೊಂಡು ನಿಲ್ಲೋ ಪುಟ್ಟ ಮರದ ತುಂಡಿಗೂ ಹೆಸರು. ಇದನ್ನ ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನಮ್ಮತ್ತೆಯ ವೀಣೆ ನೋಡಿದೆ. ತಂತಿಗಳ ಭಾರ ಹೊತ್ಕೊಂಡು ಕೊಡದ ಮೇಲೆ ಕೂತಿರುತ್ತಲ್ಲ, ಮೇಲೆ ಲೋಹದ ತಗಡು ಹೊದ್ದಿರೋ ಆ ಮರದ ತುಂಡು, ಅದಕ್ಕೆ ನಾವು ಏನಂತೀವಿ ಗೊತ್ತಲ್ಲ? ಕುದುರೆ. ಫ್ರೆಂಚರಿಗೂ ನಮ್ಮತ್ತೆಗೂ ಯಾವ ಸಂಬಂಧನೂ ಇಲ್ಲ.